ಯಾರೂ ಬೇಕೆಂದು ಕೊಲ್ಲದ ತಿಮಿಂಗಿಲಗಳು

(ಕುಮಟಾದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಬೋಟಿನ ಕೆಲಸದವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಆಮೇಲೆ ಕೂತು ಬರೆದದ್ದು. ಪರದೆಯ ಮೇಲೆ ತೋರಿಸಿದ ಫೋಟೋಗಳು ಇಲ್ಲಿಲ್ಲ, ಹಾಗಾಗಿ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

2012ರ ಮಾರ್ಚ್‌ನಲ್ಲಿ ಕೊಲಂಬೊ ಬಂದರಿಗೆ ಒಂದು ಕಂಟೇನರ್ ಹಡಗು ಬಂತು. ಅದರ ಮೂತಿಗೆ ಅಡ್ಡಲಾಗಿ ಒಂದು ನೀಲಿ ತಿಮಿಂಗಿಲ ಸತ್ತು ಸಿಕ್ಕಿಕೊಂಡಿತ್ತು. ಆ ಫೋಟೋ ನೋಡಿದವರೆಲ್ಲ ಕೇಳುವುದು ಒಂದೇ. ಅಷ್ಟು ದೊಡ್ಡ ಪ್ರಾಣಿಗೆ ಗುದ್ದಿದರೂ ಹಡಗಿನವರಿಗೆ ಗೊತ್ತಾಗುವುದಿಲ್ವಾ? ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಇನ್ನೂರು ಮುನ್ನೂರು ಮೀಟರ್ ಉದ್ದದ ಹಡಗು, ಮೇಲೆ ಸಾವಿರಾರು ಪೆಟ್ಟಿಗೆ, ಎಲ್ಲೋ ಹಿಂದೆ ಎತ್ತರದಲ್ಲಿ ನಿಂತ ಕ್ಯಾಪ್ಟನ್‌ಗೆ ಮೂತಿಯ ಕೆಳಗಿನ ನೀರು ಕಾಣುವುದೇ ಇಲ್ಲ, ಅಷ್ಟು ಭಾರ ಓಡುತ್ತಿರುವಾಗ ಒಂದು ತಿಮಿಂಗಿಲ ತಾಗಿದರೆ ಹಡಗು ನಡುಗುವುದೂ ಇಲ್ಲ. ಆ ಕ್ಯಾಪ್ಟನ್ ಕೆಟ್ಟವನಲ್ಲ. ಅವನು ತನ್ನ ಕೆಲಸ ಮಾಡುತ್ತಿದ್ದ, ಅಷ್ಟೇ.

ನನ್ನ ಇಡೀ ವೃತ್ತಿ ಇಂಥ ಸಾವುಗಳ ಹಿಂದೆಯೇ ಕಳೆದಿದೆ. ಯಾರೂ ಬೇಕೆಂದು ಮಾಡದ ಸಾವುಗಳು. ಡಾಲ್ಫಿನ್ ಜೊತೆ ಈಜುವುದು, ತಿಮಿಂಗಿಲ ಬಾಲ ಎತ್ತಿದಾಗ ಚಪ್ಪಾಳೆ ಹೊಡೆಯುವುದು, ಅದೆಲ್ಲ ಟಿವಿಯವರಿಗೆ ಬಿಟ್ಟಿದ್ದು. ನಾವು ಜಾಸ್ತಿ ನೋಡುವುದು ಹಗ್ಗ, ಬಲೆ, ಹಡಗಿನ ವೇಗ, ಬಂದರಿನ ವೇಳಾಪಟ್ಟಿ. ಆಮೇಲೆ ಸಗಣಿ. ಹೌದು, ತಿಮಿಂಗಿಲದ ಸಗಣಿ. ಅದಕ್ಕೆ ಬರುತ್ತೇನೆ.

ಮೊದಲು ಬೇಟೆಯ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಪ್ರಶ್ನೆ ಕೇಳುವವರು ಯಾವಾಗಲೂ ಅಲ್ಲಿಂದಲೇ ಶುರು ಮಾಡುತ್ತಾರೆ. 20ನೇ ಶತಮಾನದಲ್ಲಿ ಜಗತ್ತಿನ ಹಡಗುಗಳು ಕೊಂದ ತಿಮಿಂಗಿಲಗಳು ಸುಮಾರು 29 ಲಕ್ಷ. ಎಣ್ಣೆಗೆ, ಮಾಂಸಕ್ಕೆ, ಮಾರ್ಗರೀನ್‌ಗೆ. 1979ರಲ್ಲಿ ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ರಕ್ಷಿತ ತಾಣ ಅಂತ ಘೋಷಿಸಿದರು. 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ವ್ಯಾಪಾರದ ಬೇಟೆಗೆ ತಡೆ ಹಾಕಿತು, 1986ರಿಂದ ಜಾರಿಗೆ ಬಂತು. ಎರಡು ಮೂರು ದೇಶ ಇನ್ನೂ ಕೇಳುತ್ತಿಲ್ಲ. ಆದರೂ ದೊಡ್ಡ ಲೆಕ್ಕದಲ್ಲಿ ಬೇಟೆ ನಿಂತಿತು. ಕೆಲವು ಜಾತಿಗಳು ಚೇತರಿಸಿಕೊಂಡವು ಕೂಡ. ಹಾಗಾದರೆ ಇನ್ನೇನು ಸಮಸ್ಯೆ ಅಂತ ಕೇಳಬಹುದು.

ಸಮಸ್ಯೆ ಏನು ಅಂತ ನನಗೆ ಅರ್ಥವಾದದ್ದು ಓದಲು ಹೋದ ಕಡೆ, ಕೆನಡಾದ ಫಂಡಿ ಕೊಲ್ಲಿಯಲ್ಲಿ. ಅಲ್ಲಿ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲ ಅಂತ ಒಂದು ಜಾತಿ. ದಪ್ಪ, ನಿಧಾನ, ದಡಕ್ಕೆ ಹತ್ತಿರವೇ ಓಡಾಡುತ್ತದೆ, ಸತ್ತರೆ ತೇಲುತ್ತದೆ. ಬೇಟೆಗಾರರಿಗೆ ಇನ್ನೇನು ಬೇಕು? ನೂರಾರು ವರ್ಷ ಬಾಚಿದರು. 1930ರ ದಶಕದಲ್ಲೇ ಈ ಜಾತಿಯ ಬೇಟೆ ನಿಷೇಧವಾಯಿತು. ಇವತ್ತಿಗೆ ತೊಂಬತ್ತು ವರ್ಷದ ಹತ್ತಿರ. ಈಗ ಎಷ್ಟಿವೆ? ನಾನೂರೂ ಇಲ್ಲ. ಇಡೀ ಜಗತ್ತಿನಲ್ಲಿ.

1980ರಲ್ಲಿ ಫಂಡಿ ಕೊಲ್ಲಿಯಲ್ಲಿ ಈ ತಿಮಿಂಗಿಲಗಳು ಬೇಸಿಗೆ ಕಳೆಯುತ್ತವೆ ಅಂತ ಗೊತ್ತಾದ ಮೇಲೆ ಬೋಸ್ಟನ್ನಿನ ನ್ಯೂ ಇಂಗ್ಲೆಂಡ್ ಅಕ್ವೇರಿಯಂನವರು ಒಂದು ಪಟ್ಟಿ ಮಾಡಲು ಕೂತರು. ಪ್ರತಿ ತಿಮಿಂಗಿಲದ ಫೋಟೋ. ಇದರ ತಲೆಯ ಮೇಲೆ ಒರಟು ಚರ್ಮದ ತೇಪೆಗಳಿರುತ್ತವೆ, ಅದರ ಮೇಲೆ ಹೇನಿನಂಥ ಸಣ್ಣ ಜೀವಿಗಳು ಮನೆ ಮಾಡಿಕೊಂಡು ಬೆಳ್ಳಗೆ ಕಾಣುತ್ತವೆ, ಈ ತೇಪೆಗಳ ಆಕಾರ ಒಂದರಂತೆ ಇನ್ನೊಂದರದ್ದು ಇರುವುದಿಲ್ಲ. ಹಾಗಾಗಿ ಒಂದೊಂದಕ್ಕೂ ನಂಬರ್ ಕೊಟ್ಟು, ಯಾವ ವರ್ಷ ಎಲ್ಲಿ ಕಂಡಿತು, ಮರಿ ಇತ್ತಾ, ಮೈಮೇಲೆ ಹೊಸ ಗಾಯ ಇದೆಯಾ, ಬರೆಯುತ್ತಾ ಹೋದರು. ಅಮ್ಮ ಯಾರು, ಅಜ್ಜಿ ಯಾರು ಅಂತ ಕೂಡ ಹೇಳಬಹುದು ಈಗ.

ಕೇಳಲು ಚೆನ್ನಾಗಿದೆ, ಅಲ್ವಾ? ಮಾಡಲು ಭಯಂಕರ ಬೋರು. ಮಂಜು ಕವಿದರೆ ದೋಣಿ ಬಿಡುವ ಹಾಗಿಲ್ಲ, ಫಂಡಿಯಲ್ಲಿ ಮಂಜು ಬೇಸಿಗೆಯಲ್ಲೇ ಜಾಸ್ತಿ. ಸುಮ್ನೆ ದಡದಲ್ಲಿ ಕೂತು ಹಳೆ ಫೋಟೋ ಹೊಂದಿಸುವುದು. ನಾನು ಅಲ್ಲಿ ಕೈಯಾಳು. ಬಾಟಲಿ ತೊಳೆ, ಚೀಟಿ ಅಂಟಿಸು, ದುರ್ಬೀನು ಹಿಡಿ. ಇದೇನು ವಿಜ್ಞಾನವಾ ಅಂತ ಅನ್ನಿಸುತ್ತಿತ್ತು. ಆ ಪಟ್ಟಿ ಇಲ್ಲದಿದ್ದರೆ ಮುಂದೆ ಹೇಳುವ ಒಂದು ಮಾತನ್ನೂ ಯಾರೂ ಕೋರ್ಟಿನಲ್ಲಾಗಲಿ ಬಂದರಿನಲ್ಲಾಗಲಿ ಸಾಬೀತು ಮಾಡಲು ಆಗುತ್ತಿರಲಿಲ್ಲ.

ಈಗ ಸಗಣಿಗೆ ಬರೋಣ. ರೈಟ್ ತಿಮಿಂಗಿಲ ತಿನ್ನುವುದು ಅಕ್ಕಿಕಾಳಿನಷ್ಟು ಸಣ್ಣ, ಎಣ್ಣೆ ತುಂಬಿದ ಜೀವಿಗಳನ್ನು. ಹಾಗಾಗಿ ಸಗಣಿ ಇಟ್ಟಿಗೆ ಬಣ್ಣ, ಸ್ವಲ್ಪ ಹೊತ್ತು ತೇಲುತ್ತದೆ, ನಾತವಂತೂ ಬಟ್ಟೆಗೆ ಹತ್ತಿದರೆ ಆ ಬಟ್ಟೆಯ ಆಸೆ ಬಿಡಬೇಕು. ಅದರಲ್ಲಿ ಹಾರ್ಮೋನ್ ಇರುತ್ತದೆ. ಬಸಿರಾ, ಪ್ರಾಯಕ್ಕೆ ಬಂದಿದೆಯಾ, ಒತ್ತಡದಲ್ಲಿದೆಯಾ, ಎಲ್ಲ ತಿಳಿಯುತ್ತದೆ. ಐವತ್ತು ಟನ್ ಪ್ರಾಣಿಯ ರಕ್ತ ತೆಗೆಯಲು ಆಗುತ್ತದಾ ಹೇಳಿ? ಆಗುವುದಿಲ್ಲ. ಅದಕ್ಕೇ ರೊಸಲಿಂಡ್ ರೊಲಂಡ್ ಎಂಬ ವಿಜ್ಞಾನಿ ಈ ದಾರಿ ಹಿಡಿದರು. ಬರಿಗಣ್ಣಿಗೆ ಸಗಣಿ ಸಿಗುವುದು ಕಷ್ಟ ಅಂತ ದೋಣಿಯ ಮುಂತುದಿಯಲ್ಲಿ ನಾಯಿ ನಿಲ್ಲಿಸಿದರು. ಪೊಲೀಸರು ಗಾಂಜಾ ಹುಡುಕಿಸುತ್ತಾರಲ್ಲ, ಅಂಥ ತರಬೇತಿ ಕೊಟ್ಟ ರಾಟ್‌ವೈಲರ್. ಅದು ಒಂದು ನಾಟಿಕಲ್ ಮೈಲಿಗಿಂತ ದೂರದಿಂದಲೇ ವಾಸನೆ ಹಿಡಿಯುತ್ತಿತ್ತು. ಮೂಗು ಯಾವ ಕಡೆ ತಿರುಗಿತೋ ಆ ಕಡೆ ದೋಣಿ.

2001ರ ಸೆಪ್ಟೆಂಬರ್‌ನಲ್ಲೂ ಅವರು ಫಂಡಿಯಲ್ಲಿ ಸಗಣಿ ಸಂಗ್ರಹಿಸುತ್ತಿದ್ದರು. 11ನೇ ತಾರೀಖು ನ್ಯೂಯಾರ್ಕ್‌ನಲ್ಲಿ ಏನಾಯಿತು ಅಂತ ನಿಮಗೆ ಗೊತ್ತು. ಅದರ ಮರುದಿನಗಳಲ್ಲಿ ಆ ಸಮುದ್ರದಲ್ಲಿ ಹಡಗುಗಳ ಓಡಾಟ ತುಂಬಾ ಕಡಿಮೆಯಾಯಿತು. ಅದೇ ಹೊತ್ತಿಗೆ ಬೇರೆ ಕೆಲಸಕ್ಕೆ ಅಂತ ಇನ್ನೊಬ್ಬರು ಅಲ್ಲಿ ನೀರಿನೊಳಗಿನ ಸದ್ದು ದಾಖಲು ಮಾಡುತ್ತಿದ್ದರು. ವರ್ಷಗಳ ನಂತರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹಡಗುಗಳು ಕಡಿಮೆಯಾದ ಆ ದಿನಗಳಲ್ಲಿ ನೀರಿನ ಸದ್ದು 6 ಡೆಸಿಬೆಲ್ ಇಳಿದಿತ್ತು. ತಿಮಿಂಗಿಲಗಳ ಸಗಣಿಯಲ್ಲಿ ಒತ್ತಡದ ಹಾರ್ಮೋನ್ ಕೂಡ ಇಳಿದಿತ್ತು. ಬೇರೆ ವರ್ಷಗಳ ಸೆಪ್ಟೆಂಬರ್‌ಗಳಲ್ಲಿ ಹೀಗೆ ಇಳಿದಿರಲಿಲ್ಲ. 2012ರಲ್ಲಿ ಇದು ಪ್ರಕಟವಾಯಿತು. ಇಂಥ ಪ್ರಯೋಗವನ್ನು ಯಾರೂ ಯೋಜನೆ ಹಾಕಿ ಮಾಡಲು ಸಾಧ್ಯವಿಲ್ಲ. ಇಡೀ ಸಮುದ್ರದ ಹಡಗು ನಿಲ್ಲಿಸಿ ಅಂತ ಯಾರಿಗೆ ಅರ್ಜಿ ಹಾಕುತ್ತೀರಿ?

ಸದ್ದು ಯಾಕೆ ಇಷ್ಟು ದೊಡ್ಡ ವಿಷಯ ಅಂತ ಸ್ವಲ್ಪ ಹೇಳಬೇಕು. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕೂವರೆ ಪಟ್ಟು ವೇಗ. ಬೆಳಕು ಒಳಗೆ ಹೋಗುವುದಿಲ್ಲ, ಸದ್ದು ಹೋಗುತ್ತದೆ. ಹಾಗಾಗಿ ತಿಮಿಂಗಿಲಕ್ಕೆ ಲೋಕ ಅಂದರೆ ಕೇಳಿಸುವುದು. ದೊಡ್ಡ ತಿಮಿಂಗಿಲಗಳು ತುಂಬ ಕೆಳಗಿನ ಸ್ವರದಲ್ಲಿ ಕೂಗುತ್ತವೆ, ಹಡಗಿನ ಸದ್ದೂ ಅದೇ ಸ್ವರದಲ್ಲಿ. ಪ್ರೊಪೆಲ್ಲರ್ ಜೋರಾಗಿ ತಿರುಗಿದಾಗ ಅದರ ರೆಕ್ಕೆಯ ಹಿಂದೆ ಸಣ್ಣ ಸಣ್ಣ ಗುಳ್ಳೆ ಹುಟ್ಟಿ ಒಡೆಯುತ್ತವೆ, ಸದ್ದು ಮುಖ್ಯವಾಗಿ ಅದರದ್ದು. ಅಕ್ಕಿ ಗಿರಣಿಯೊಳಗೆ ನಿಂತು ಆಚೆ ಗದ್ದೆಯಲ್ಲಿರುವ ಮಗನನ್ನು ಕರೆದ ಹಾಗೆ, ಆದರೆ ಆ ಗಿರಣಿ ರಾತ್ರಿ ಹಗಲು ನಿಲ್ಲುವುದೇ ಇಲ್ಲ. ಹಡಗು ನಿಧಾನ ಮಾಡಿದರೆ ಗುಳ್ಳೆ ಕಡಿಮೆ, ಸದ್ದೂ ಕಡಿಮೆ. ಡೀಸೆಲ್ಲೂ ಉಳಿಯುತ್ತದೆ, ಇದನ್ನು ಬೋಟಿನವರಿಗೆ ನಾನು ಹೇಳಬೇಕಿಲ್ಲ.

ನಿಧಾನ ಮಾಡಿದರೆ ಇನ್ನೊಂದು ಲಾಭ ಇದೆ. ಹಡಗು ಗುದ್ದಿದ ಹಳೆಯ ದಾಖಲೆಗಳನ್ನೆಲ್ಲ ಒಟ್ಟು ಮಾಡಿ 2007ರಲ್ಲಿ ಇಬ್ಬರು ಲೆಕ್ಕ ಹಾಕಿದರು. 15 ನಾಟ್ ವೇಗದಲ್ಲಿ ಗುದ್ದಿದರೆ ತಿಮಿಂಗಿಲ ಸಾಯುವ ಸಂಭವ ಶೇ 80ರ ಹತ್ತಿರ. 8.6 ನಾಟ್‌ಗೆ ಇಳಿಸಿದರೆ ಶೇ 20. ಈ ಒಂದು ಗ್ರಾಫ್ ಮಾಡಿದ ಕೆಲಸವನ್ನು ನೂರು ಭಾಷಣ ಮಾಡಲಿಲ್ಲ. 2008ರಲ್ಲಿ ಅಮೆರಿಕ ತನ್ನ ಪೂರ್ವ ಕರಾವಳಿಯ ಕೆಲವು ಜಾಗಗಳಲ್ಲಿ, ವರ್ಷದ ಕೆಲವು ತಿಂಗಳು, ದೊಡ್ಡ ಹಡಗುಗಳಿಗೆ 10 ನಾಟ್ ಮಿತಿ ಹಾಕಿತು. ಅಂದರೆ ಗಂಟೆಗೆ ಹದಿನೆಂಟೂವರೆ ಕಿಲೋಮೀಟರ್. ಅದಕ್ಕೂ ಮೊದಲು, 2003ರಲ್ಲಿ, ಫಂಡಿಯ ಹಡಗು ದಾರಿಯನ್ನೇ ತಿಮಿಂಗಿಲ ಸೇರುವ ಜಾಗದಿಂದ ಪಕ್ಕಕ್ಕೆ ಸರಿಸಿದ್ದರು. ಅಳಿವಿನಂಚಿನ ಒಂದು ಪ್ರಾಣಿಗಾಗಿ ಅಂತರರಾಷ್ಟ್ರೀಯ ಹಡಗು ದಾರಿಯನ್ನು ಸರಿಸಿದ್ದು ಅದೇ ಮೊದಲು. 2007ರಲ್ಲಿ ಬೋಸ್ಟನ್ ಬಂದರಿನ ದಾರಿಯನ್ನೂ ಸ್ವಲ್ಪ ತಿರುಗಿಸಿದರು. ಹಡಗುಗಳಿಗೆ ತಡವಾಗುವುದು ಕೆಲವೇ ನಿಮಿಷ.

ಫಲ ಸಿಕ್ಕಿತಾ? ಸಿಕ್ಕಿತು. 2010ರ ಹೊತ್ತಿಗೆ ಸಂಖ್ಯೆ 480ರ ಆಸುಪಾಸಿಗೆ ಏರಿತ್ತು. ಎಲ್ಲರಿಗೂ ಉಸಿರು ಬಂತು.

ಆಮೇಲೆ ನೀರು ಬಿಸಿಯಾಯಿತು. ಫಂಡಿ ಕೊಲ್ಲಿಯೂ ಸೇರಿದ ಗಲ್ಫ್ ಆಫ್ ಮೇನ್‌ನ ನೀರು ಬಿಸಿಯಾಗುತ್ತಿದ್ದ ಹಾಗೆ ಆ ಅಕ್ಕಿಕಾಳಿನಂಥ ಜೀವಿಗಳು ಅಲ್ಲಿ ಕಡಿಮೆಯಾದವು. ತಿಮಿಂಗಿಲಗಳು ಊಟ ಹುಡುಕಿಕೊಂಡು ಉತ್ತರಕ್ಕೆ, ಸೇಂಟ್ ಲಾರೆನ್ಸ್ ಕೊಲ್ಲಿಗೆ ಹೋದವು. ನಾವು ಫಂಡಿಯಲ್ಲಿ ದುರ್ಬೀನು ಹಿಡಿದು ಕಾಯುತ್ತಿದ್ದೆವು, ಬರಲಿಲ್ಲ. ದಾರಿ ಸರಿಸಿದ್ದು, ವೇಗ ಇಳಿಸಿದ್ದು, ಎಲ್ಲವೂ ಹಳೆ ಜಾಗದಲ್ಲಿ. ಹೊಸ ಜಾಗದಲ್ಲಿ ಹಡಗುಗಳು ಪೂರ್ತಿ ವೇಗದಲ್ಲಿ, ಏಡಿ ಹಿಡಿಯುವ ಹಗ್ಗಗಳು ಸಾಲು ಸಾಲಾಗಿ. 2017ರ ಒಂದೇ ವರ್ಷದಲ್ಲಿ 17 ರೈಟ್ ತಿಮಿಂಗಿಲಗಳು ಸತ್ತು ಸಿಕ್ಕವು, 12 ಕೆನಡಾದಲ್ಲಿ, 5 ಅಮೆರಿಕದಲ್ಲಿ. ನಾನೂರು ಚಿಲ್ಲರೆ ಇರುವ ಕಡೆ ಹದಿನೇಳು. ಮುಂದಿನ ಚಳಿಗಾಲದಲ್ಲಿ ಒಂದೇ ಒಂದು ಮರಿ ಹುಟ್ಟಲಿಲ್ಲ.

ಆ ಬೇಸಿಗೆಯಲ್ಲಿ ಪಟ್ಟಿ ನೋಡಿಕೊಳ್ಳುವವರಿಗೆ ಬರುತ್ತಿದ್ದ ಫೋಟೋಗಳನ್ನು ನೀವು ನೋಡಬೇಕಿತ್ತು. ಬೇಡ, ನೋಡದಿರುವುದೇ ಒಳ್ಳೆಯದು. ಕೊಳೆತ ಮೈಯ ತಲೆಯ ತೇಪೆ ನೋಡಿ ಇದು ಯಾರು ಅಂತ ಗುರುತಿಸುವುದು. ಇಷ್ಟು ವರ್ಷ ಬದುಕಿದ್ದನ್ನು ಗುರುತಿಸಲು ಮಾಡಿದ ಪಟ್ಟಿ ಈಗ ಸತ್ತದ್ದನ್ನು ಗುರುತಿಸಲು ಬಳಕೆಯಾಗುತ್ತಿತ್ತು.

ಹಗ್ಗದ ವಿಷಯ ಇಲ್ಲಿನವರಿಗೆ ಬೇಗ ಅರ್ಥವಾಗುತ್ತದೆ. ಲಾಬ್‌ಸ್ಟರ್ ಅಥವಾ ಏಡಿ ಹಿಡಿಯಲು ತಳದಲ್ಲಿ ಬೋನು ಇಡುತ್ತಾರೆ, ಅಲ್ಲಿಂದ ಮೇಲಿನ ತೇಲುಗುಂಡಿನ ತನಕ ನೆಟ್ಟಗೆ ಒಂದು ಹಗ್ಗ. ತಿಮಿಂಗಿಲ ಬಾಯಿ ತೆರೆದುಕೊಂಡೇ ಈಜುತ್ತಾ ತಿನ್ನುತ್ತದೆ, ಹಗ್ಗ ಬಾಯಿಗೆ ಸಿಗುತ್ತದೆ, ಗಾಬರಿಯಾಗಿ ಹೊರಳುತ್ತದೆ, ಸುತ್ತಿಕೊಳ್ಳುತ್ತದೆ. ಹಿಂದಿನ ಕಾಲದ ಹಗ್ಗವಾದರೆ ಕಿತ್ತು ಹೋಗುತ್ತಿತ್ತು. ಈಗಿನ ಪ್ಲಾಸ್ಟಿಕ್ ಹಗ್ಗ ಕೀಳುವುದಿಲ್ಲ. ತಿಂಗಳುಗಟ್ಟಲೆ ಎಳೆದುಕೊಂಡು ಓಡಾಡುತ್ತವೆ, ಮಾಂಸ ಕೊಯ್ದು ಮೂಳೆಗೆ ತಾಗುತ್ತದೆ. ಪಟ್ಟಿಯಲ್ಲಿರುವ ತಿಮಿಂಗಿಲಗಳಲ್ಲಿ ಶೇ 80ಕ್ಕಿಂತ ಜಾಸ್ತಿಗೆ ಒಮ್ಮೆಯಾದರೂ ಹಗ್ಗ ಸುತ್ತಿದ ಗಾಯದ ಗುರುತಿದೆ. ಬದುಕಿ ಉಳಿದವೂ ಸೊರಗುತ್ತವೆ. ಮೊದಲು ಮೂರು ನಾಲ್ಕು ವರ್ಷಕ್ಕೊಂದು ಮರಿ ಹಾಕುತ್ತಿದ್ದ ತಾಯಂದಿರು ಈಗ ಆರೇಳು ವರ್ಷ, ಕೆಲವು ಅದಕ್ಕೂ ಜಾಸ್ತಿ ತೆಗೆದುಕೊಳ್ಳುತ್ತವೆ. ಗಾತ್ರವೂ ಕುಗ್ಗಿದೆ. ಈಗ ಹುಟ್ಟಿದವು 1980ರ ದಶಕದ ಶುರುವಿನಲ್ಲಿ ಹುಟ್ಟಿದವುಗಳಿಗಿಂತ ಪೂರ್ತಿ ಬೆಳೆದಾಗ ಸುಮಾರು ಒಂದು ಮೀಟರ್ ಗಿಡ್ಡ ಅಂತ 2021ರಲ್ಲಿ ಡ್ರೋನ್ ಮತ್ತು ವಿಮಾನದ ಫೋಟೋಗಳಿಂದ ಅಳೆದು ಹೇಳಿದರು.

ಮೇನ್ ರಾಜ್ಯದ ಲಾಬ್‌ಸ್ಟರ್ ಮೀನುಗಾರರು ಈ ಮಾತು ಕೇಳಿ ಖುಷಿಪಡುವುದಿಲ್ಲ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅಪ್ಪ ಅಜ್ಜನ ಕಾಲದಿಂದ ಮಾಡಿದ ಕೆಲಸ, ನಿಯಮದ ಮೇಲೆ ನಿಯಮ, ಹಗ್ಗವಿಲ್ಲದ ಹೊಸ ಬೋನು ತಗೊಳ್ಳಿ ಅಂದರೆ ಅದರ ಬೆಲೆ ಕೇಳಿಯೇ ತಲೆ ತಿರುಗುತ್ತದೆ. ಅದು ರಿಮೋಟ್‌ನ ಸದ್ದು ಕೇಳಿಸಿಕೊಂಡು ತಳದಿಂದ ತಾನೇ ಮೇಲೆ ಬರುವ ಬೋನು. ಕೆಲಸ ಮಾಡುತ್ತದೆ. ಆದರೆ ದುಡ್ಡು ಯಾರದ್ದು? ನನ್ನ ಅಭಿಪ್ರಾಯ ಕೇಳಿದರೆ, ಮೀನುಗಾರನ ಜೇಬಿನಿಂದ ಸಂರಕ್ಷಣೆ ಮಾಡಿಸಲು ಹೊರಟ ಕಡೆ ಅದು ಎಲ್ಲೂ ನಿಂತಿಲ್ಲ.

ಇನ್ನು ಕೊಲಂಬೊ ಕಡೆ ಹೋಗೋಣ. ಶ್ರೀಲಂಕಾದ ದಕ್ಷಿಣ ತುದಿ, ದೊಂದ್ರ ಭೂಶಿರ. ಸೂಯೆಜ್‌ನಿಂದ ಸಿಂಗಾಪುರಕ್ಕೆ ಹೋಗುವ ಹಡಗುಗಳೆಲ್ಲ ಆ ಮೂಲೆ ಸುತ್ತಿಯೇ ಹೋಗಬೇಕು. ಅದೇ ಜಾಗದಲ್ಲಿ ನೀಲಿ ತಿಮಿಂಗಿಲಗಳು ಊಟಕ್ಕೆ ಸೇರುತ್ತವೆ. ಆಶಾ ಡಿ ವೋಸ್ ಎಂಬ ಶ್ರೀಲಂಕಾದ ವಿಜ್ಞಾನಿ ಒಂದು ಸಂಶೋಧನಾ ಹಡಗಿನಲ್ಲಿದ್ದಾಗ ಆರು ನೀಲಿ ತಿಮಿಂಗಿಲಗಳು ಒಟ್ಟಿಗೆ ಇರುವುದನ್ನೂ ಕೆಂಪು ಸಗಣಿಯನ್ನೂ ನೋಡಿದರು. ಸಗಣಿ ಇದ್ದರೆ ಊಟವೂ ಇಲ್ಲೇ ಆಗುತ್ತಿದೆ ಎಂದರ್ಥ. ದೊಡ್ಡ ತಿಮಿಂಗಿಲಗಳು ತಂಪು ನೀರಿನಲ್ಲಿ ತಿಂದು ಬಿಸಿ ನೀರಿಗೆ ಬರೀ ಮರಿ ಹಾಕಲು ಬರುತ್ತವೆ ಅಂತ ಪುಸ್ತಕದಲ್ಲಿ ಇತ್ತು. ಇವು ಹಾಗಲ್ಲ, ಹಿಂದೂ ಮಹಾಸಾಗರದ ಉಷ್ಣ ನೀರಿನಲ್ಲೇ ವರ್ಷವಿಡೀ ಇರುತ್ತವೆ. 2008ರಲ್ಲಿ ಅವರು ಶ್ರೀಲಂಕಾದ ನೀಲಿ ತಿಮಿಂಗಿಲ ಯೋಜನೆ ಶುರು ಮಾಡಿದರು. ಹೊರದೇಶದವರು ಬಂದು ಮಾಹಿತಿ ತಗೊಂಡು ಹೋಗುವುದು, ಊರಿನವರು ದೋಣಿ ಓಡಿಸುವುದಕ್ಕೆ ಮಾತ್ರ, ಈ ಪದ್ಧತಿಯ ವಿರುದ್ಧವೂ ಅವರು ಜೋರಾಗಿ ಮಾತಾಡುತ್ತಾರೆ. ಸರಿಯಾಗಿಯೇ ಮಾತಾಡುತ್ತಾರೆ.

ದೊಂದ್ರದಲ್ಲಿ ಪರಿಹಾರ ಏನು? ಹಡಗುಗಳು 15 ನಾಟಿಕಲ್ ಮೈಲಿ ದಕ್ಷಿಣಕ್ಕೆ ಸರಿದರೆ ಡಿಕ್ಕಿಯ ಅಪಾಯ ಶೇ 95ರಷ್ಟು ಇಳಿಯುತ್ತದೆ ಅಂತ ಲೆಕ್ಕ. ಅಧಿಕೃತ ದಾರಿ ಬದಲಾಗಲು ಸರ್ಕಾರಗಳು, ಬಂದರುಗಳು, ಎಲ್ಲ ಒಪ್ಪಬೇಕು. ಅದು ಎಳೆದಾಡುತ್ತಲೇ ಇತ್ತು. ಈ ನಡುವೆ 2022ರಲ್ಲಿ ಎಂಎಸ್‌ಸಿ ಎಂಬ ದೊಡ್ಡ ಕಂಟೇನರ್ ಕಂಪನಿ ತಾನಾಗಿಯೇ ತನ್ನ ಹಡಗುಗಳನ್ನು ದಕ್ಷಿಣಕ್ಕೆ ಸರಿಸಿತು. ಒಂದು ಕಂಪನಿ ಒಂದು ಆದೇಶ ಕಳಿಸಿದರೆ ಮುಗಿಯಿತು. ತಾನಾಗಿಯೇ ಮಾಡಿದ್ದು ತಾನಾಗಿಯೇ ಬಿಡಲೂಬಹುದು, ಆ ಅನುಮಾನ ನನಗೆ ಇದ್ದೇ ಇದೆ.

ಸರಿ, ನಮ್ಮ ಕಡಲಿಗೆ ಬರೋಣ. ಅರಬ್ಬಿ ಸಮುದ್ರದಲ್ಲೂ ತಿಮಿಂಗಿಲ ಇದೆಯಾ ಅಂತ ಕೇಳುವವರು ಈಗಲೂ ಇದ್ದಾರೆ. ಒಂದು ಕಚೇರಿಯಲ್ಲಿ ನನ್ನ ಅರ್ಜಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೆಲ್ಲ ಫಾರಿನ್‌ನಲ್ಲಿ ಅಲ್ವಾ ಸರ್?" ಅಂದರು. ಚಹಾ ಕೊಟ್ಟು ಕಳಿಸಿದರು.

ಇದೆ. ಅದೂ ಎಂಥದ್ದು! ಹಂಪ್‌ಬ್ಯಾಕ್ ತಿಮಿಂಗಿಲ ಅಂದರೆ ಸಾವಿರಾರು ಕಿಲೋಮೀಟರ್ ವಲಸೆ ಹೋಗುವುದಕ್ಕೆ ಹೆಸರಾದ ಪ್ರಾಣಿ. ಜಗತ್ತಿನಲ್ಲಿ ವಲಸೆ ಹೋಗದೆ ಒಂದೇ ಕಡಲಿನಲ್ಲಿ ತಿಂದು, ಒಂದೇ ಕಡಲಿನಲ್ಲಿ ಮರಿ ಹಾಕುವ ಹಂಪ್‌ಬ್ಯಾಕ್‌ಗಳು ನಮ್ಮ ಅರಬ್ಬಿ ಸಮುದ್ರದವು. ಕಾರಣ ಮುಂಗಾರು. ನೈಋತ್ಯ ಗಾಳಿ ಬೀಸಿದಾಗ ಮೇಲಿನ ನೀರು ಸರಿದು ಆಳದ ತಂಪು ನೀರು ಮೇಲೆ ಬರುತ್ತದೆ, ಅದರ ಜೊತೆ ಗೊಬ್ಬರ ಬರುತ್ತದೆ, ಅದರಿಂದ ಬೂತಾಯಿ, ಬಂಗುಡೆ. ನೀವು ಹಿಡಿಯುವ ಮೀನೇ ಅವುಗಳ ಊಟವೂ. ಬೇರೆ ಸಮುದ್ರದ ಹಂಪ್‌ಬ್ಯಾಕ್‌ಗಳಿಂದ ಇವು ಬೇರೆಯಾಗಿ ಸುಮಾರು 70,000 ವರ್ಷ ಆಯಿತು ಅಂತ ವಂಶವಾಹಿ ಹೇಳುತ್ತದೆ. ಓಮಾನ್ ತೀರದಲ್ಲಿ ಎಣಿಸಿದಾಗ ನೂರೂ ಸಿಗಲಿಲ್ಲ. ಸಿಕ್ಕವುಗಳಲ್ಲೂ ಮೂರರಲ್ಲಿ ಒಂದಕ್ಕೆ ಬಾಲದ ಬುಡದಲ್ಲಿ ಬಲೆ, ಹಗ್ಗದ ಗಾಯ.

ಇವುಗಳ ಬಗ್ಗೆ ಮೊದಲ ಒಳ್ಳೆಯ ಮಾಹಿತಿ ಎಲ್ಲಿಂದ ಬಂತು ಗೊತ್ತಾ? ಕೊಂದವರಿಂದ. 1965 ಮತ್ತು 66ರಲ್ಲಿ ಸೋವಿಯತ್ ಬೇಟೆ ಹಡಗುಗಳು ಅರಬ್ಬಿ ಸಮುದ್ರದಲ್ಲಿ 242 ಹಂಪ್‌ಬ್ಯಾಕ್‌ಗಳನ್ನು ಕೊಂದವು, ಹೊರಗೆ ಲೆಕ್ಕ ತೋರಿಸಲಿಲ್ಲ. ಸೋವಿಯತ್ ಒಕ್ಕೂಟ ಬಿದ್ದ ಮೇಲೆ ಯೂರಿ ಮಿಖಲೆವ್ ಎಂಬ ವಿಜ್ಞಾನಿ ಆ ದಾಖಲೆಗಳನ್ನು 1997ರಲ್ಲಿ ಪ್ರಕಟಿಸಿದರು. ಹೊಟ್ಟೆಯಲ್ಲಿ ಮೀನು ಇತ್ತು, ಅಂದರೆ ಇಲ್ಲೇ ತಿನ್ನುತ್ತವೆ. ಬಸಿರಿನಲ್ಲಿದ್ದ ಮರಿಗಳ ಅಳತೆ ನೋಡಿದರೆ ಇವು ದಕ್ಷಿಣ ಧ್ರುವದ ಕಡೆಯಿಂದ ಬಂದವಲ್ಲ. ಇವತ್ತಿಗೂ ಆ ಕಾಗದಗಳನ್ನೇ ನಾವು ಮತ್ತೆ ಮತ್ತೆ ತಿರುವಿ ನೋಡುತ್ತೇವೆ.

2017ರ ಕೊನೆಗೆ ಓಮಾನ್‌ನಲ್ಲಿ ಲುಬಾನ್ ಅಂತ ಹೆಸರಿಟ್ಟ ಒಂದು ಹೆಣ್ಣು ಹಂಪ್‌ಬ್ಯಾಕ್‌ಗೆ ಉಪಗ್ರಹದ ಟ್ಯಾಗ್ ಹಾಕಿದರು. ಅದು ಸಮುದ್ರ ದಾಟಿ ಗೋವಾ ಹತ್ತಿರ ಬಂತು. ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಭಾರತದ ತುದಿಯ ತನಕ ಹೋಯಿತು. ಗೋವಾದಿಂದ ದಕ್ಷಿಣಕ್ಕೆ ಅಂದರೆ ಯಾವುದು? ಕಾರವಾರ, ಕುಮಟಾ, ಹೊನ್ನಾವರ, ಮಲ್ಪೆ, ಇವುಗಳ ಆಚೆಯ ನೀರೇ. ಆ ದಿನಗಳಲ್ಲಿ ಆಳಸಮುದ್ರಕ್ಕೆ ಹೋಗಿದ್ದ ಯಾವುದೋ ಬೋಟಿನವರು ಅದರ ಉಸಿರಿನ ಕಾರಂಜಿ ನೋಡಿರಲೂಬಹುದು. ಅದನ್ನು ಬರೆದಿಡುವ ಪುಸ್ತಕ ಮಾತ್ರ ಯಾರ ಕೈಯಲ್ಲೂ ಇರಲಿಲ್ಲ.

ನಮ್ಮ ದಡದಲ್ಲಿ ಜಾಸ್ತಿ ಕಾಣುವುದು ಗೂನು ಬೆನ್ನಿನ ಡಾಲ್ಫಿನ್. ಅಘನಾಶಿನಿ, ಕಾಳಿ ನದಿಯ ಬಾಯಿಯ ಹತ್ತಿರ ನಿಂತರೆ ಸಾಕು. ಇವು ಆಳಕ್ಕೆ ಹೋಗುವುದಿಲ್ಲ, ದಡದ ಆಳವಿಲ್ಲದ ನೀರೇ ಇವುಗಳ ಮನೆ. ನಮ್ಮ ಬಂದರು, ಬಲೆ, ಚರಂಡಿ, ಪ್ರವಾಸಿ ಬೋಟು ಎಲ್ಲ ಇರುವುದೂ ಅಲ್ಲೇ. ಜಾಗತಿಕ ಪಟ್ಟಿಯಲ್ಲಿ ಈ ಡಾಲ್ಫಿನ್ ಅಳಿವಿನಂಚಿನದ್ದು. ನಾವು ಇವುಗಳನ್ನು ಗುರುತಿಸುವುದು ಬೆನ್ನಿನ ರೆಕ್ಕೆಯ ಅಂಚಿನಿಂದ. ಒಂದಕ್ಕೆ ಕಚ್ಚಿದ ಗುರುತು, ಒಂದಕ್ಕೆ ಪ್ರೊಪೆಲ್ಲರ್ ಸೀಳಿದ್ದು.

ಡಾಲ್ಫಿನ್‌ನ ಸಂಬಂಧಿಗಳಲ್ಲಿ ಬೆನ್ನ ರೆಕ್ಕೆಯೇ ಇಲ್ಲದ್ದೂ ಒಂದಿದೆ, ಫಿನ್‌ಲೆಸ್ ಪೋರ್ಪಾಯಿಸ್. ಬದುಕಿದ್ದಾಗ ಕಾಣುವುದು ಅಪರೂಪ, ನಾಚಿಕೆಯ ಪ್ರಾಣಿ. ನಾವು ನೋಡುವುದು ಸತ್ತು ದಡಕ್ಕೆ ಬಂದಾಗ. ಒಂದನ್ನು ಪರೀಕ್ಷೆ ಮಾಡುವುದು ಹೇಗೆ ಅಂತ ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ, ಹೊಟ್ಟೆ ತೊಳಸುವವರು ಕಿವಿ ಮುಚ್ಚಿಕೊಳ್ಳಿ. ಮೊದಲು ಅರಣ್ಯ ಇಲಾಖೆಗೆ ಫೋನ್. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ. ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಅವರು ಬಂದ ಮೇಲೆ ಅಳತೆ. ಮೇಲ್ದವಡೆಯ ತುದಿಯಿಂದ ಬಾಲದ ನಡುವಿನ ಕಚ್ಚಿನ ತನಕ, ನೇರವಾಗಿ, ಮೈಯ ಉಬ್ಬಿನ ಮೇಲೆ ಟೇಪ್ ಹರಿಸಬಾರದು. ಆಮೇಲೆ ಚರ್ಮ ನೋಡುವುದು. ಕೈರೆಕ್ಕೆಯ ಮುಂದಿನ ಅಂಚಿನಲ್ಲಿ, ಬಾಯಿಯ ಮೂಲೆಯಲ್ಲಿ, ಬಾಲದ ಅಂಚಿನಲ್ಲಿ ತೆಳ್ಳಗೆ ಗೆರೆ ಗೆರೆ ಕೊಯ್ದ ಗುರುತು ಇದ್ದರೆ ಅದು ನೈಲಾನ್ ಬಲೆ. ಗೆರೆಗಳ ನಡುವಿನ ಅಂತರ ಅಳೆದರೆ ಬಲೆಯ ಕಣ್ಣಿನ ಗಾತ್ರವೂ ಅಂದಾಜಾಗುತ್ತದೆ. ಕೊಬ್ಬಿನ ಪದರ ದಪ್ಪ ಇದ್ದರೆ ಕಾಯಿಲೆ ಬಿದ್ದು ಸೊರಗಿ ಸತ್ತದ್ದಲ್ಲ. ಶ್ವಾಸನಾಳದಲ್ಲಿ ನೊರೆ. ಹೊಟ್ಟೆಯಲ್ಲಿ ಮೀನಿನ ಕಿವಿಯ ಸಣ್ಣ ಕಲ್ಲುಗಳು, ಸ್ಕ್ವಿಡ್ ಅಂದರೆ ಬೊಂಡಾಸ್‌ನ ಕೊಕ್ಕು. ಕೊನೆಗೆ ಒಂದು ಹಲ್ಲು ತೆಗೆಯುತ್ತೇವೆ. ಡಾಲ್ಫಿನ್ ಹಲ್ಲು ಮೊನಚು, ಪೋರ್ಪಾಯಿಸ್‌ನದ್ದು ಚಪ್ಪಟೆ, ತುದಿ ಪುಟ್ಟ ಗುದ್ದಲಿಯ ಆಕಾರ. ಅದನ್ನು ತೆಳ್ಳಗೆ ಕೊಯ್ದರೆ ಒಳಗೆ ಪದರಗಳು, ವಯಸ್ಸು ಎಣಿಸಬಹುದು. ಊಟ ಮಾಡಿದ್ದು ಇನ್ನೂ ಹೊಟ್ಟೆಯಲ್ಲಿದೆ, ಮೈ ದಷ್ಟಪುಷ್ಟ, ಬಾಯಿಯ ಮೂಲೆಯಲ್ಲಿ ಬಲೆಯ ಗೆರೆ. ಇಷ್ಟಾದ ಮೇಲೆ ಸತ್ತದ್ದು ಹೇಗೆ ಅಂತ ಯಾರಿಗೂ ಹೇಳಬೇಕಾಗಿಲ್ಲ. ಉಸಿರಾಡಲು ಮೇಲೆ ಬರಲಾಗದೆ.

ಇಂಥ ಕಡೆ ಜನ ಸೇರುತ್ತಾರೆ, ಫೋಟೋ ತೆಗೆಯುತ್ತಾರೆ. ಒಬ್ಬನಾದರೂ ಹತ್ತಿರ ಬಂದು ಮೆಲ್ಲಗೆ ಕೇಳುತ್ತಾನೆ, "ಇದರಲ್ಲಿ ಆ ವಾಂತಿ ಸಿಗುತ್ತಾ ಸರ್?" ಸಿಗುವುದಿಲ್ಲ ಮಾರಾಯ. ಅಂಬರ್‌ಗ್ರಿಸ್, ಅಂದರೆ ಜನ ತಿಮಿಂಗಿಲದ ವಾಂತಿ ಅನ್ನುವುದು, ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ, ಬೊಂಡಾಸ್ ಜಾತಿಯ ಕೊಕ್ಕುಗಳ ಸುತ್ತ ಆಗುವುದು, ಅದೂ ಎಲ್ಲೋ ಕೆಲವಕ್ಕೆ ಮಾತ್ರ. ನಮ್ಮಲ್ಲಿ ಇಟ್ಟುಕೊಂಡರೂ ಮಾರಿದರೂ ಜೈಲು. ಪೇಪರ್‌ನಲ್ಲಿ ಕೋಟಿ ಕೋಟಿ ಅಂತ ಬರೆದು ಹುಡುಗರ ತಲೆ ಕೆಡಿಸಿದ್ದಾರೆ.

ಡಾಲ್ಫಿನ್‌ಗೆ ಸದ್ದು ಬಿಟ್ಟು ಅದರ ಮಾರ್ದನಿಯಿಂದ ನೋಡುವ ಶಕ್ತಿ ಇದೆಯಲ್ಲ, ಬಲೆ ಯಾಕೆ ಗೊತ್ತಾಗುವುದಿಲ್ಲ ಅಂತ ಇಲ್ಲಿ ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ತೆಳು ನೈಲಾನ್‌ನಿಂದ ಮಾರ್ದನಿ ತೀರ ಕ್ಷೀಣ. ಜೊತೆಗೆ ಅವು ಎಲ್ಲ ಹೊತ್ತೂ ಸದ್ದು ಬಿಡುತ್ತಾ ಇರುವುದಿಲ್ಲ. ಮೀನಿನ ಮೇಲೆ ಗಮನ ಇದ್ದಾಗ ಎದುರಿನ ಬಲೆ ತಪ್ಪಿಹೋಗುತ್ತದೆ. ಅದಕ್ಕೇ ಬಲೆಗೆ ಪಿಂಗರ್ ಕಟ್ಟುವ ಉಪಾಯ. ಟಕ್ ಟಕ್ ಅಂತ ಸದ್ದು ಮಾಡುವ ಸಣ್ಣ ಯಂತ್ರ. 1994ರಲ್ಲಿ ಗಲ್ಫ್ ಆಫ್ ಮೇನ್‌ನಲ್ಲಿ ಸ್ಕಾಟ್ ಕ್ರಾಸ್ ಮತ್ತು ಜೊತೆಯವರು ಮೀನುಗಾರರ ಬೋಟಿನಲ್ಲೇ ಪರೀಕ್ಷೆ ಮಾಡಿದರು. ರೈಟ್ ತಿಮಿಂಗಿಲದ ಪಟ್ಟಿ ಶುರು ಮಾಡಿದವರೇ ಈ ಕ್ರಾಸ್. ಸದ್ದಿಲ್ಲದ ಬಲೆಗಳಲ್ಲಿ 25 ಪೋರ್ಪಾಯಿಸ್ ಸತ್ತವು, ಸದ್ದು ಮಾಡುವ ಬಲೆಗಳಲ್ಲಿ 2. ಹಾಗಂತ ಇಲ್ಲೂ ನಾಳೆಯೇ ಕಟ್ಟಿ ಅಂತ ನಾನು ಹೇಳುವುದಿಲ್ಲ. ಬ್ಯಾಟರಿ ಖರ್ಚು ಇದೆ, ಉಪ್ಪು ನೀರಿಗೆ ಕೆಡುತ್ತದೆ, ಕೆಲವು ಜಾತಿಯವು ಸದ್ದು ಕೇಳಿ ಊಟ ಇದೆ ಅಂತ ಹತ್ತಿರವೇ ಬರುತ್ತವೆ. ನಮ್ಮ ನೀರಿನಲ್ಲಿ ಪರೀಕ್ಷೆ ಮಾಡಿ ನೋಡಬೇಕು, ನಿಮ್ಮ ಬೋಟಿನಲ್ಲೇ, ನಿಮ್ಮ ಎದುರಿಗೇ.

ಕೊನೆಗೆ ಪ್ರಶ್ನೆಗಳು ಸುಮಾರು ಬಂದವು. ಹಿಂದಿನ ಸಾಲಿನಿಂದ ಬೋಟು ನಡೆಸುವ ತಾಂಡೇಲರೊಬ್ಬರು ಎದ್ದು ನಿಂತು ಕೇಳಿದ್ದನ್ನು ಮಾತ್ರ ಬರೆಯುತ್ತೇನೆ.

"ನೀವು ಹೇಳಿದ್ದೆಲ್ಲ ಸರಿ ಸರ್. ಜೀವ ಇರುವಾಗಲೇ ಬಲೆಗೆ ಬಿದ್ದರೆ ನಾವೂ ಬಿಡುತ್ತೇವೆ, ಪಾಪದ ಪ್ರಾಣಿ. ಆದರೆ ಬಿಡಿಸಬೇಕಾದರೆ ಬಲೆ ಕೊಯ್ಯಬೇಕು. ಆ ಬಲೆಯ ದುಡ್ಡು ಯಾರು ಕೊಡುತ್ತಾರೆ?"

ಮಹಾರಾಷ್ಟ್ರದಲ್ಲಿ 2018ರ ಡಿಸೆಂಬರ್‌ನಿಂದ ಒಂದು ಯೋಜನೆ ಇದೆ ಅಂತ ಹೇಳಿದೆ. ಕಾಯ್ದೆಯಡಿ ರಕ್ಷಣೆ ಇರುವ ಕಡಲಾಮೆ, ಡಾಲ್ಫಿನ್, ತಿಮಿಂಗಿಲ ಶಾರ್ಕ್ ಇಂಥವು ಬಲೆಗೆ ಬಿದ್ದು, ಮೀನುಗಾರರು ಬಲೆ ಕೊಯ್ದು ಬಿಟ್ಟರೆ 25,000 ರೂಪಾಯಿಯ ತನಕ ಪರಿಹಾರ. ಬಿಟ್ಟದ್ದಕ್ಕೆ ಫೋಟೋ ಅಥವಾ ವಿಡಿಯೋ ತೋರಿಸಬೇಕು. ಎಷ್ಟೋ ಜನ ಹೀಗೆ ಬಿಟ್ಟು ದುಡ್ಡು ಪಡೆದಿದ್ದಾರೆ, ಆ ಫೋಟೋಗಳಿಂದ ನಮ್ಮಂಥವರಿಗೂ ಯಾವ ಪ್ರಾಣಿ ಎಲ್ಲಿ ಸಿಗುತ್ತಿದೆ ಅಂತ ಪುಕ್ಕಟೆ ಮಾಹಿತಿ.

ಅವರು ಕೂರಲಿಲ್ಲ. "ಫೋಟೋ ಯಾರು ತೆಗೀಬೇಕು? ಒಂದು ಕೈಲಿ ಕತ್ತಿ, ಒಂದು ಕೈಲಿ ಬಲೆ. ಮೊಬೈಲು ಹಲ್ಲಲ್ಲಿ ಕಚ್ಚಿಕೊಳ್ಳಬೇಕಾ?"

ಸಭೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರ ಮಗ ಪಕ್ಕದಲ್ಲೇ ಕೂತಿದ್ದ, ಅಪ್ಪನ ಜೊತೆ ಬೋಟಿಗೆ ಹೋಗುವವನು. "ನಾನು ತೆಗೀತೇನೆ, ಅಪ್ಪ ಕೊಯ್ಯಲಿ" ಅಂದ. ಆಮೇಲೆ ಹೊರಗೆ ಚಹಾ ಕುಡಿಯುತ್ತಾ ನನ್ನ ನಂಬರ್ ಬರೆದುಕೊಂಡ. ಸತ್ತದ್ದು ಸಿಕ್ಕರೂ ಫೋಟೋ ಕಳಿಸಬಹುದಾ ಅಂತ ಕೇಳಿದ. ಕಳಿಸು, ಪಕ್ಕದಲ್ಲಿ ಒಂದು ಸ್ಕೇಲೋ ಚಪ್ಪಲಿಯೋ ಇಟ್ಟು ತೆಗೆ, ಗಾತ್ರ ಗೊತ್ತಾಗಲಿ, ಅಂದೆ.